ಗದ್ದದ ಮೇಲಿನ ನೀಲಿ

ಜನಕಪುರಿ ವೆಸ್ಟ್ ಸ್ಟೇಷನ್ನಿನ ಎಸ್ಕಲೇಟರ್ ಇಳಿಯುವುದರೊಳಗೆ ಅಮ್ಮನಿಗೆ ಹೇಳಿಬಿಡಬೇಕು ಎಂದುಕೊಂಡಿದ್ದಳು ಧಾರಿಣಿ. ಆಗಲಿಲ್ಲ. ಎಪ್ಪತ್ತೈದು ದಾಟಿದ ಹೆಂಗಸು, ಒಂದು ಕೈಯಲ್ಲಿ ಸೀರೆಯ ನೆರಿಗೆ, ಇನ್ನೊಂದರಲ್ಲಿ ಮಗಳ ಮೊಣಕೈ ಹಿಡಿದು, 'ರಾಮ ರಾಮಾ, ಯಾವ ಪುಣ್ಯಾತ್ಮ ಕಂಡುಹಿಡಿದನೋ ಇದನ್ನ' ಎಂದು ಗೊಣಗುತ್ತ ಇಳಿಯುವಾಗ ಅಂಥ ಮಾತನ್ನು ಅವಳ ಕಿವಿಗೆ ಹಾಕುವುದೇ? ಸರಿ, ರೈಲಿನಲ್ಲಿ ಹೇಳಿದರಾಯಿತು. ರೈಲಿನಲ್ಲಿ ಹಿರಿಯರ ಸೀಟಿನಿಂದ ಕಾಲೇಜು ಹುಡುಗಿಯೊಬ್ಬಳು ಎದ್ದು ಅಮ್ಮನಿಗೆ ಜಾಗ ಬಿಟ್ಟಳು, ಧಾರಿಣಿ ಎದುರಿಗೆ ಕಂಬ ಹಿಡಿದು ನಿಂತಳು. ಇಡೀ ಡಬ್ಬಿಯಲ್ಲಿ ಕನ್ನಡ ತಿಳಿಯುವವರು ಒಬ್ಬರೂ ಇರಲಿಕ್ಕಿಲ್ಲ. ದಿಲ್ಲಿಯಲ್ಲಿ ಅದೊಂದು ಸುಖ, ಯಾರ ಎದುರಿಗೆ ಬೇಕಾದರೂ ಯಾರನ್ನು ಬೇಕಾದರೂ ಬಯ್ಯಬಹುದು. ಆದರೂ ಬಾಯಿ ಏಳಲಿಲ್ಲ. ಬಿಸಿ ತುಪ್ಪ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಹೌಜ್ ಖಾಸ್ ಬರುವುದರೊಳಗೆ ಹೇಳಲೇಬೇಕಿತ್ತು. ಇಲ್ಲದಿದ್ದರೆ ಸಂಜೆ ಐದಕ್ಕೆ, ಮೈಕ್ ಹಿಡಿದು, ಪರದೇಶದ ಹೆಂಗಸೊಬ್ಬಳು ನೂರು ಜನರ ಎದುರಿಗೆ ಅಮ್ಮನಿಗೆ ಅದನ್ನು ಹೇಳುವವಳಿದ್ದಳು.

ಅಮ್ಮ ಕೈಚೀಲದಿಂದ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡಳು. 'ತಿನ್ನೋಕೆ ಏನಿಟ್ಟಿದ್ದಾರೆ ನಿಮ್ಮ ಗ್ಯಾಲರಿಯವರು? ಬರೀ ಆ ಒಣಗಿದ ಬಿಸ್ಕತ್ತಾ?' ಎಂದು ಕೇಳಿದಳು. ಸಮೋಸಾ ಇದೆ ಎಂದಳು ಧಾರಿಣಿ. 'ಅಚ್ಛಾ. ನಿನ್ನ ಚಿತ್ರ ಯಾವುದರದ್ದು ಅಂತ ಒಂದು ಸಲವೂ ಬಾಯಿಬಿಡಲಿಲ್ಲ ನೀನು.' ಅಜ್ಜಿಯದು ಎಂದಳು ಧಾರಿಣಿ. 'ಅಜ್ಜಿಯದು ಅಂತ ಗೊತ್ತು ಕಣೇ. ಅಜ್ಜಿಯ ಏನು? ಅವಳ ಬೂದು ಸೀರೆ ಇಸ್ಕೊಂಡು ಹೋಗಿ ಎರಡು ವರ್ಷ ಆಯ್ತು, ಏನು ಮಾಡಿದೆಯೋ ದೇವರೇ ಬಲ್ಲ.' ನೋಡ್ತೀಯಲ್ಲ ಎಂದಳು ಧಾರಿಣಿ. ಅವಳ ದನಿ ಅವಳಿಗೇ ಕಳ್ಳಿಯ ದನಿಯಂತೆ ಕೇಳಿಸಿತು. ಅಮ್ಮನನ್ನು ಅಚ್ಚರಿಗೊಳಿಸಬೇಕೆಂದು ಬಾಯಿ ಕಟ್ಟಿಕೊಂಡಿದ್ದಳೇ, ಅಥವಾ ಅಮ್ಮ ಬೇಡವೆನ್ನಬಹುದೆಂಬ ಅಳುಕು ಮೊದಲಿನಿಂದಲೂ ಇತ್ತೇ? ನಲವತ್ತು ದಾಟಿದ ಹೆಣ್ಣು, ಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಡುತ್ತ ತಲೆ ನರೆಸಿಕೊಂಡವಳು, ಮೊದಲ ಸಲ ತನ್ನದೆನ್ನುವ ಒಂದು ಪ್ರದರ್ಶನ. ಅದನ್ನೂ ತಾಯಿಯಿಂದ ಬಚ್ಚಿಟ್ಟು ಮಾಡಿದ್ದಳು.

ನಿನ್ನೆ ಮಧ್ಯಾಹ್ನ ಗ್ಯಾಲರಿಯಲ್ಲಿ ತನ್ನ ಕಸೂತಿ ಚಿತ್ರಗಳನ್ನು ತೂಗುಹಾಕುತ್ತಿದ್ದಾಗ ಅನಾಹಿತ್ ಬಂದಿದ್ದಳು. ಆರ್ಮೇನಿಯದ ರಾಜಧಾನಿ ಯೆರೆವಾನಿನವಳು, ಒಂದು ವರ್ಷದ ಮಟ್ಟಿಗೆ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಲು ಬಂದವಳು. ಆರ್ಮೇನಿಯದ ಅಜ್ಜಿಯ ಬಗ್ಗೆ ದಿಲ್ಲಿಯಲ್ಲಿ ಯಾರೋ ಹೊಲಿಯುತ್ತಿದ್ದಾರೆಂದು ಕೇಳಿ ತಾನಾಗಿ ಹುಡುಕಿಕೊಂಡು ಬಂದಿದ್ದಳು. ಲೇಸಿನ ಚಿತ್ರಗಳ ಮುಂದೆ ನಗುತ್ತ ನಿಂತಳು, ನಮ್ಮ ಲೇಸು ಇದೇ, ಪೂರಾ ಗಂಟುಗಳಿಂದಲೇ ಹೆಣೆಯುವುದು ಎಂದಳು. ಆಮೇಲೆ ಕೊನೆಯ ಗೋಡೆಗೆ ಬಂದಳು. ಅಲ್ಲಿ ಅಜ್ಜಿಯ ಬೂದು ಸೀರೆಯ ಮೇಲೆ ಅಜ್ಜಿಯ ಮುಖ, ಆಳೆತ್ತರ, ಕಪ್ಪು ದಾರದ ಸಣ್ಣ ಹೊಲಿಗೆಯಲ್ಲಿ. ಕೆಳತುಟಿಯಿಂದ ಗದ್ದದವರೆಗೆ ಅವಳ ಹಚ್ಚೆ, ನೀಲಿ ದಾರದ ಗಂಟುಗಳ ಸಾಲು, ಎರಡೂ ಕಡೆ ಕವಲೊಡೆದು. ಅನಾಹಿತಳ ನಗು ನಿಂತುಹೋಯಿತು. ಇಂಗ್ಲಿಷಿನಲ್ಲಿ, ಬಹಳ ಮೆತ್ತಗೆ, ಇದನ್ನು ಹಾಕಿದಾಗ ಇವಳಿಗೆಷ್ಟು ವಯಸ್ಸು ಎಂದು ಕೇಳಿದಳು. ಧಾರಿಣಿ ಉತ್ಸಾಹದಿಂದ, ಗೊತ್ತಿಲ್ಲ, ನಿಮ್ಮ ಕಡೆ ಯಾವ ವಯಸ್ಸಿಗೆ ಹಾಕುತ್ತಾರೆ ಎಂದುಬಿಟ್ಟಳು. ಆ ಮಾತನ್ನು ನೆನೆದರೆ ಈಗಲೂ ಮೈ ಮುದುಡುತ್ತದೆ. ನಮ್ಮ ಕಡೆ ಹಾಕುವುದಿಲ್ಲ ಎಂದಳು ಅನಾಹಿತ್. ಮೊದಲ ಮಹಾಯುದ್ಧದ ಕಾಲದಲ್ಲಿ ಆರ್ಮೇನಿಯನ್ನರ ಊರೂರುಗಳನ್ನೇ ಮರುಭೂಮಿಗೆ ಅಟ್ಟಿದ ಆ ವರ್ಷಗಳಲ್ಲಿ ದಾರಿಯಲ್ಲಿ ಹಿಡಿದಿಟ್ಟುಕೊಂಡ ಹುಡುಗಿಯರಿಗೆ, ಅವರನ್ನು ಇಟ್ಟುಕೊಂಡ ಮನೆಗಳಲ್ಲಿ ಹಾಕುತ್ತಿದ್ದದ್ದು. ಆ ಮನೆಯ ಹೆಂಗಸರಿಗೂ ಇರುತ್ತಿತ್ತಂತೆ. ಇವಳು ಇನ್ನು ನಮ್ಮವಳು, ಓಡಿಹೋದರೂ ಸಿಕ್ಕಿಬೀಳುತ್ತಾಳೆ, ಅಷ್ಟೇ ಅದರ ಅರ್ಥ. ಹತ್ತು ವರ್ಷದವರಿಗೂ ಹಾಕಿದ್ದಾರೆ ಎಂದಳು.

ಅಯ್ಯೋ, ಆ ಗೋಡೆಯ ಪಕ್ಕದಲ್ಲೇ ಧಾರಿಣಿ ಬರೆದು ಅಂಟಿಸಿದ್ದ ಫಲಕ! ಆರ್ಮೇನಿಯದ ಹೆಣ್ಣುಮಕ್ಕಳ ಮಂಗಳಚಿಹ್ನೆ ಎಂದು ಬರೆದಿದ್ದಳು. ಸಾಯುವಾಗ ಜೊತೆಗೆ ಬರುವ ಒಡವೆ ಹಚ್ಚೆಯೊಂದೇ ಎಂದು ನಮ್ಮ ಹೆಂಗಸರು ಹೇಳುವ ಮಾತನ್ನೂ ಅದರ ಬಾಲಕ್ಕೆ ಕಟ್ಟಿದ್ದಳು. ಎರಡು ದೇಶಗಳನ್ನು ಒಂದೇ ದಾರದಲ್ಲಿ ಪೋಣಿಸಿದೆ ಎಂದು ಒಳಗೊಳಗೇ ಬೀಗಿದ್ದೂ ಉಂಟು. ಆದರೆ ತಪ್ಪು ಅವಳೊಬ್ಬಳದೇ ಅಲ್ಲ. ಬಸ್ರಾದಲ್ಲಿ ಸೈನ್ಯದ ಗುಮಾಸ್ತನಾಗಿದ್ದ ಅಜ್ಜ ಹನುಮಂತಯ್ಯ ಅಲ್ಲಿಂದ ಸಿರಾನುಶ್ ಎಂಬ ಆರ್ಮೇನಿಯದ ಹುಡುಗಿಯನ್ನು ಮದುವೆಯಾಗಿ ಕರೆತಂದಾಗ, ಅವನ ತಾಯಿ ಎದೆ ಎದೆ ಬಡಿದುಕೊಂಡು ಅತ್ತಿದ್ದವಳು, ಸೊಸೆಯ ಗದ್ದ ನೋಡಿ ಅಳು ನಿಲ್ಲಿಸಿದಳಂತೆ. 'ಹಚ್ಚೆ ಹಾಕಿಸಿಕೊಂಡಿದ್ದಾಳಲ್ಲೋ, ಮನೆತನಸ್ತೆ ಕಣೋ ಇವಳು, ನಮ್ಮವಳೇ' ಎಂದು ಒಳಗೆ ಕರೆದುಕೊಂಡಳಂತೆ. ಸೀತಮ್ಮ ಎಂದು ಹೆಸರಿಟ್ಟರು. ಕರೋಲ್ ಬಾಗಿನ ಕನ್ನಡದ ಮನೆಗಳಲ್ಲಿ ಕೇಳಿದವರಿಗೆ ಕೊಡಗಿನ ಕಡೆಯ ಹುಡುಗಿ, ಅದಕ್ಕೇ ಅಷ್ಟು ಬಿಳುಪು ಎಂದರು. ಈ ಕಥೆಯನ್ನು ಮನೆಯಲ್ಲಿ ನಗುತ್ತ ಹೇಳುತ್ತಿದ್ದರು. ಧಾರಿಣಿಯೂ ನಕ್ಕಿದ್ದಳು, ಸಂದರ್ಶನಕ್ಕೆ ಬಂದ ಪತ್ರಿಕೆಯ ಹುಡುಗಿಗೂ ನಗುತ್ತಲೇ ಹೇಳಿದ್ದಳು.

ರೈಲು ಸುರಂಗದಿಂದ ಮೇಲೆದ್ದು ಶಂಕರ್ ವಿಹಾರದ ಬೆಳಕಿಗೆ ಬಂತು. ನವೆಂಬರಿನ ಹೊಗೆ, ಸೂರ್ಯ ಹಳಸಿದ ಹಾಲಿನ ಬಣ್ಣಕ್ಕಿದ್ದ. ಈಗ ಹೇಳು, ಬೆಳಕಿದ್ದಾಗಲೇ ಹೇಳು ಎಂದು ಧಾರಿಣಿ ತನಗೆ ತಾನೇ ಗದರಿಸಿಕೊಂಡಳು. 'ಅಮ್ಮಾ.' 'ಏನೇ?' ಅಮ್ಮ ಮುಖವೆತ್ತಿದಳು, ಆ ಮುಖದಲ್ಲಿ ಅಜ್ಜಿಯ ಹಣೆ, ಅಜ್ಜಿಯ ಮೂಗು. ಗದ್ದ ಮಾತ್ರ ಖಾಲಿ. ಇವಳಿಗೆ ಹೇಗೆ ಹೇಳುವುದು, ನಿನ್ನ ಅಮ್ಮನನ್ನು ಯಾರೋ ಕೆಡವಿಕೊಂಡು, ಕೈಕಾಲು ಹಿಡಿದುಕೊಂಡು, ಸೂಜಿಯಿಂದ ಚುಚ್ಚಿದರು ಎಂದು? 'ಬಾಯಾರಿಕೆ ಆಯ್ತಾ, ನೀರು ಬೇಕಾ?' ಎಂದಳು ಧಾರಿಣಿ. 'ಬೇಡಪ್ಪ, ಅಲ್ಲಿ ಬಾತ್‌ರೂಮು ಹೇಗಿರುತ್ತೋ ಏನೋ.' ಥೂ ಹೇಡಿ. ಬೆಳಕು ಹಿಂದೆ ಬಿತ್ತು, ರೈಲು ಮತ್ತೆ ಕತ್ತಲೆಗೆ ಇಳಿಯಿತು, ಎದುರಿನ ಗಾಜಿನಲ್ಲಿ ಅವಳದೇ ಮುಖ. ಆ ಮುಖ ಏಳನೆಯ ವಯಸ್ಸಿನಲ್ಲಿ ಒಂದು ಮಧ್ಯಾಹ್ನ ಕಾಡಿಗೆಯಿಂದ ಗದ್ದದ ಮೇಲೆ ಚುಕ್ಕೆ ಇಟ್ಟುಕೊಂಡು, ಅಜ್ಜೀ ನೋಡು, ನಾನೂ ನಿನ್ನ ಥರ ಎಂದು ಕುಣಿಯುತ್ತ ಹೋಗಿತ್ತು. ಅಜ್ಜಿ ಕೂತಲ್ಲಿಂದ ಎದ್ದದ್ದು, ಬಚ್ಚಲಿಗೆ ಎಳೆದದ್ದು, ಕಡಲೆಹಿಟ್ಟು ಹಾಕಿ ಉಜ್ಜಿದ್ದು, ಬಣ್ಣ ಹೋದಮೇಲೂ ಉಜ್ಜಿದ್ದು, ಚರ್ಮ ಕಿತ್ತುಬಂದು ಉರಿದು ಅವಳು ಅರಚಿದ್ದು. ಮುಖಕ್ಕೆ ಮಸಿ ಬಳಿದುಕೊಂಡಳೆಂಬ ಸಿಟ್ಟಿಗೆ ಅಜ್ಜಿ ಹಾಗೆ ಮಾಡಿದಳೆಂದೇ ಇಷ್ಟು ವರ್ಷ ತಿಳಿದಿದ್ದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಅದು ತನಗಾಗಿಯೇ ಹೇಳಿದ ಮಾತು. ಅಜ್ಜಿ ಮನೆಯೊಳಗೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ನಾಚಿಕೆಯ ಸ್ವಭಾವ ಎಂದು ಎಲ್ಲರೂ ಹೇಳುತ್ತಿದ್ದರು, ಇವಳೂ ಆ ಸೆರಗನ್ನು ನಾಚಿಕೆಯೆಂದೇ ಹೊಲಿದು, ಅದನ್ನು ಒಂದಿಷ್ಟು ಸರಿಸಿ, ಗದ್ದವನ್ನು ಲೋಕಕ್ಕೆ ತೋರಿಸಿದ್ದಳು.

ಆದರೆ ಅನಾಹಿತ್ ಬಯ್ಯಲಿಲ್ಲ. ಅದೇ ಇನ್ನೂ ಕಷ್ಟವಾದದ್ದು. ಅವಳು ಅತ್ತಳು, ಧಾರಿಣಿಯ ಎರಡೂ ಕೈ ಹಿಡಿದುಕೊಂಡು, ಇಂಥ ಅಜ್ಜಿಯಂದಿರನ್ನು ನಮ್ಮವರೂ ಮುಚ್ಚಿಟ್ಟರು, ಫೋಟೋ ತೆಗೆಯುವಾಗ ಮುಖ ತಿರುಗಿಸಿ ನಿಲ್ಲಿಸಿದರು, ನೀನು ಎದುರಿಗಿಟ್ಟಿದ್ದೀಯ, ಫಲಕ ಮಾತ್ರ ಬದಲಿಸು, ನಿಜ ಬರೆ, ನಾಳೆ ನಾನು ಎದ್ದು ನಿಂತು ಮಾತಾಡುತ್ತೇನೆ ಎಂದಳು. ಗ್ಯಾಲರಿಯ ಸಂದೀಪನ ಕಣ್ಣು ಆಗಲೇ ಹೊಳೆಯಿತು. ಧಾರಿಣಿ ಹೂಂ ಎಂದಳು. ಯಾರು ಗಟ್ಟಿಯಾಗಿ ಹೇಳಿದರೂ ಹೂಂ ಎನ್ನುವುದು ಅವಳ ಹುಟ್ಟುಗುಣ. ಹೊಸ ಫಲಕದ ವಾಕ್ಯಗಳನ್ನು ಸಂದೀಪ ಫೋನಿಗೆ ಕಳಿಸಿದಾಗಲೂ ಓಕೆ ಎಂದು ಒತ್ತಿ ಮಲಗಿದಳು, ನಿದ್ದೆ ಮಾಡಲಿಲ್ಲ. ತನಗೊಂದು ಆಸೆಯೂ ಇತ್ತಲ್ಲ, ಅದನ್ನೇಕೆ ಮುಚ್ಚಿಡಬೇಕು? ಆ ಗದ್ದ ಅವಳು ಜೀವನದಲ್ಲಿ ಮಾಡಿದ ಅತಿ ಚೆನ್ನಾದ ಕೆಲಸ. ಒಂದೊಂದು ಗಂಟೂ ಚರ್ಮದೊಳಗಿಂದ ಎದ್ದು ಬಂದ ಹಾಗೆ ಕೂತಿತ್ತು. ನಿಜ ಗೊತ್ತಾದ ಮೇಲೆ ಅದು ಇನ್ನೂ ಚೆನ್ನಾಗಿ ಕಂಡಿತ್ತು. ಹಾಗೆ ಕಂಡದ್ದಕ್ಕೆ ಅವಳಿಗೆ ತನ್ನ ಮೇಲೆ ವಾಕರಿಕೆ ಬಂತು.

ಹೌಜ್ ಖಾಸ್ ಬಂದೇಬಿಟ್ಟಿತು. ಆಟೋದಲ್ಲಿ ಹೇಳುತ್ತೇನೆಂದುಕೊಂಡಳು, ಅಮ್ಮ ಡ್ರೈವರನ ಜೊತೆ 'ಭಯ್ಯಾ, ಗಡ್ಢೇ ದೇಖ್ ಕೇ' ಎಂದು ರಸ್ತೆಯ ಗುಂಡಿಗಳಿಗಾಗಿ ದಾರಿಯುದ್ದಕ್ಕೂ ಜಗಳ ಕಾಯುತ್ತಿದ್ದಳು. ಮೆಟ್ಟಿಲ ಮೇಲೆ ಹೇಳುತ್ತೇನೆಂದುಕೊಂಡಳು, ಮೆಟ್ಟಿಲು ಇಕ್ಕಟ್ಟು, ಅಮ್ಮನಿಗೆ ಏದುಸಿರು. ಮೇಲೆ ಬಾಗಿಲಲ್ಲೇ ಸಂದೀಪ ಕಾಲಿಗೆ ಬಿದ್ದು 'ಆಯಿಯೇ ಆಂಟೀಜೀ' ಎಂದ. ಜನ ಇನ್ನೂ ಬಂದಿರಲಿಲ್ಲ. ಅಮ್ಮ ಚಪ್ಪಲಿ ಕಳಚಿಟ್ಟು, ಮೊದಲ ಗೋಡೆಯ ಲೇಸುಗಳನ್ನು ನೋಡಿ 'ಓ, ಅವಳ ಕರವಸ್ತ್ರದ ಅಂಚು' ಎಂದು ಮಗುವಿನ ಹಾಗೆ ನಕ್ಕಳು. ಮುಂದಕ್ಕೆ ನಡೆದಳು. ಆಮೇಲೆ ಅವಳ ನಡಿಗೆ ನಿಂತದ್ದು ಧಾರಿಣಿಗೆ ಬೆನ್ನಿನಿಂದಲೇ ತಿಳಿಯಿತು.

ಅಮ್ಮ ತನ್ನ ತಾಯಿಯ ಮುಖದ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ಪಕ್ಕದ ಫಲಕದ ಕಡೆ ತಿರುಗಿ ಕೈಚೀಲದಲ್ಲಿ ಕನ್ನಡಕ ಹುಡುಕತೊಡಗಿದಳು. 'ಅಮ್ಮಾ, ಅದು ಬೇಡ, ಆಮೇಲೆ ನಾನೇ ಹೇಳ್ತೀನಿ' ಎಂದು ಧಾರಿಣಿ ಅಡ್ಡ ಹೋದಳು. 'ಸರಿ ಆ ಕಡೆ. ಮೂವತ್ತು ವರ್ಷ ಸರ್ಕಾರಿ ಫೈಲು ಓದಿದ್ದೀನಿ, ಇಷ್ಟು ಇಂಗ್ಲಿಷು ಬರುತ್ತೆ.' ಓದಿದಳು. ತುಟಿ ಅಲ್ಲಾಡಿಸುತ್ತ, ಒಂದು ಪದವನ್ನೂ ಬಿಡದೆ ಓದಿದಳು. ಧಾರಿಣಿ ಅವಳ ತೋಳಿನ ಹತ್ತಿರ ಕೈ ಚಾಚಿಕೊಂಡೇ ನಿಂತಿದ್ದಳು, ಬಿದ್ದರೆ ಹಿಡಿಯಲೆಂದು. ಅಮ್ಮ ಬೀಳಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, 'ಸರಿಯಾಗೇ ಬರೆದಿದ್ದಾರೆ. ಯಾರು ಬರೆದದ್ದು?' ಎಂದಳು.

'ನಿನಗೆ ಗೊತ್ತಿತ್ತಾ?'

'ನಿನಗೆ ಗೊತ್ತಾಗಬಾರದು ಅಂತಿತ್ತು.'

'ಯಾಕಮ್ಮ? ಯಾಕೆ ಹೇಳಲಿಲ್ಲ ನನಗೆ?'

'ಅವಳು ಹೇಳಬೇಡ ಅಂದಿದ್ದಳು.' ಅಮ್ಮ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತಳು. ಅವಳ ದನಿ ಏರಲಿಲ್ಲ, ತರಕಾರಿಯ ಬೆಲೆ ಹೇಳುವವಳ ಹಾಗೆ ಹೇಳುತ್ತ ಹೋದಳು. 'ನಿಮ್ಮಜ್ಜ ಇರೋವರೆಗೂ ದಿನಾ ಬೆಳಿಗ್ಗೆ ಮುಖಕ್ಕೆ ದಪ್ಪ ಅರಿಶಿನ ಬಳ್ಕೊಳ್ಳೋಳು. ಏನು ಭಕ್ತಿ, ಏನು ಮುತ್ತೈದೆತನ ಅಂತ ಕರೋಲ್ ಬಾಗೆಲ್ಲ ಹೊಗಳ್ತಿತ್ತು. ಭಕ್ತಿ ಎಲ್ಲಿಂದ ಬಂತು, ಅದನ್ನ ಮುಚ್ಚೋಕೆ ಕಣೇ. ನಿಮ್ಮಜ್ಜ ಹೋದರು. ಆಮೇಲೂ ಬಚ್ಚಲ ಕದ ಹಾಕ್ಕೊಂಡು ಬಳ್ಕೊಂಡಳು. ಗಂಡ ಸತ್ತರೂ ಶೋಕಿ ಬಿಡಲಿಲ್ಲ ಅಂದರು. ವರ್ಷಾಬ್ದಿಕದ ದಿನ ಮನೆ ತುಂಬ ಜನ. ನಿಮ್ಮಜ್ಜನ ಅಕ್ಕ ಶಾರದಮ್ಮ ಒದ್ದೆ ಟವೆಲ್ಲು ತಂದಳು. ಇವಳು ಮುಖ ಕೊಡಲಿಲ್ಲ. ಇಬ್ಬರು ಹಿಂದಿನಿಂದ ತಲೆ ಹಿಡ್ಕೊಂಡರು, ಒಬ್ಬಳು ಕೈ ಹಿಡ್ಕೊಂಡಳು, ಶಾರದಮ್ಮ ಉಜ್ಜಿದಳು. ನಾನು ನೀರಿನ ಬೋಗುಣಿ ಹಿಡ್ಕೊಂಡಿದ್ದೆ, ಹಿಡ್ಕೋ ಅಂದರು, ಹಿಡ್ಕೊಂಡೆ. ಆವತ್ತು ಅವಳು ಕಿರುಚಿದ್ದು ಕನ್ನಡದಲ್ಲಿ ಅಲ್ಲ. ಯಾವ ಭಾಷೆ ಅಂತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಸುತ್ತ ನಿಂತು ನೋಡಿದರು.'

ಕೆಳಗೆ ಬೀದಿಯಲ್ಲಿ ಯಾರೋ ಕಾರಿನ ಹಾರ್ನ್ ಒತ್ತಿ ಹಿಡಿದಿದ್ದರು.

'ಆಮೇಲೆ ನನಗೊಬ್ಬಳಿಗೇ ಹೇಳಿದಳು,' ಎಂದಳು ಅಮ್ಮ, 'ಹಚ್ಚೆ ಹಾಕುವಾಗಲೂ ಹೀಗೇ ಹಿಡ್ಕೊಂಡಿದ್ದರು ಅಂತ. ಅಷ್ಟೇ ಹೇಳಿದ್ದು. ಆಮೇಲೆ ಅವಳು ಹೊಸ್ತಿಲು ದಾಟಲಿಲ್ಲ.'

'ನನಗೆ ಗೊತ್ತಿರಲಿಲ್ಲಮ್ಮ, ದೇವರಾಣೆ. ಚೆನ್ನಾಗಿದೆ ಅಂತ ಹೊಲಿದೆ.'

'ಚೆನ್ನಾಗೇ ಇದೆ. ಅವಳೇ ಬಂದು ಕೂತ ಹಾಗಿದೆ.'

'ಇದನ್ನ ತೋರಿಸಬೇಕು, ಜನಕ್ಕೆ ಗೊತ್ತಾಗಬೇಕು ಅಂತಾರೆ. ಮುಚ್ಚಿಟ್ಟದ್ದು ಸಾಕು ಅಂತಾರೆ. ಅದೂ ನಿಜ ಅಲ್ವಾ?'

'ಇರಬಹುದು. ಅವರವರ ಅಜ್ಜಿ ಅವರವರಿಗೆ ಏನು ಹೇಳಿ ಹೋಗಿದ್ದಾರೋ. ನಾನು ತೆಗಿ ಅನ್ನೋಲ್ಲ, ಧಾರಿಣಿ. ನೀನು ಎರಡು ವರ್ಷ ಕಣ್ಣು ಕಳ್ಕೊಂಡು ಮಾಡಿದ್ದು. ನಾನು ಕೆಳಗೆ ಆ ಚಾಯ್ ಅಂಗಡಿಯ ಹತ್ತಿರ ಕೂತಿರ್ತೀನಿ. ಇವಳ ಸುತ್ತ ಜನ ನಿಂತು ನೋಡೋದನ್ನ ಒಂದು ಸಲ ನೋಡಿದ್ದೀನಿ. ಇನ್ನೊಂದು ಸಲ ನನ್ನ ಕೈಲಾಗೋಲ್ಲ.' ಅಮ್ಮ ಎದ್ದಳು, ಚಪ್ಪಲಿಯ ಕಡೆ ನಡೆದಳು.

ಆಗ ಏನೂ ಯೋಚಿಸದೆ, ಯೋಚಿಸಿದ್ದರೆ ಮತ್ತೆ ಯಾರಿಗಾದರೂ ಹೂಂ ಎನ್ನುತ್ತಿದ್ದಳೇನೋ, ಧಾರಿಣಿ ಗೋಡೆಯ ಎರಡೂ ಕೊಕ್ಕೆಗಳಿಂದ ಸೀರೆ ತೂಗುಹಾಕಿದ್ದ ಕೋಲನ್ನು ಎತ್ತಿ ಅಜ್ಜಿಯನ್ನು ಕೆಳಗಿಳಿಸಿದಳು. ಸೀರೆ ಭಾರಕ್ಕೆ ತೂಗಿ ಅವಳ ಮೈಮೇಲೆ ಬಿತ್ತು. ನೆಲದ ಮೇಲೆ ಹರಡಿ, ಚೀಲದಲ್ಲಿ ಸದಾ ಇರುತ್ತಿದ್ದ ಪುಟ್ಟ ಕತ್ತರಿ ತೆಗೆದು ಗದ್ದದ ಪಕ್ಕ ಮಂಡಿಯೂರಿದಳು. ಸಂದೀಪ ಓಡಿಬಂದ. 'ಪಾಗಲ್ ಹೋ ಗಯೀ ಹೈಂ ಕ್ಯಾ ಆಪ್? ಜನ ಮೆಟ್ಟಿಲ ಮೇಲಿದ್ದಾರೆ, ಇದೇ ಮುಖ್ಯ ಚಿತ್ರ!' ಎಂದು ಹಿಂದಿಯಲ್ಲಿ ಕೂಗಾಡಿದ. ಅವಳು ಮೊದಲ ಗಂಟನ್ನು ಕತ್ತರಿಸಿದಳು. ಎದೆಯಲ್ಲಿ ಏನೋ ಕಿತ್ತ ಹಾಗಾಯಿತು, ಸುಳ್ಳೇಕೆ, ಅಜ್ಜಿಗಾಗಿ ಅಲ್ಲ, ತನ್ನ ಕೆಲಸಕ್ಕಾಗಿ. ಎರಡನೆಯದನ್ನೂ ಕತ್ತರಿಸಿದಳು. ಅಮ್ಮ ಬಾಗಿಲಿನಿಂದ ತಿರುಗಿ ಬಂದಳು, ಮಂಡಿ ನೋವಿನ ಹೆಂಗಸು ಗೋಡೆ ಹಿಡಿದು ಮೆಲ್ಲಗೆ ನೆಲಕ್ಕೆ ಇಳಿದು ಕೂತು, ಕತ್ತರಿಸಿದ ನೀಲಿ ಎಳೆಗಳನ್ನು ಉಗುರಿನಿಂದ ಎಳೆದು ತೆಗೆದು ಮಡಿಲಲ್ಲಿ ಹಾಕಿಕೊಳ್ಳತೊಡಗಿದಳು.

ಜನ ಬಂದರು. ಸಂದೀಪ ಬುದ್ಧಿವಂತ, ತಡೆಯಲಾಗದ್ದನ್ನು ತನ್ನದಾಗಿ ಮಾಡಿಕೊಳ್ಳುವುದು ಅವನಿಗೆ ಗೊತ್ತು. ಬಾಗಿಲಲ್ಲಿ ನಿಂತು ಪಿಸುದನಿಯಲ್ಲಿ, ದಯವಿಟ್ಟು ಮೌನವಾಗಿರಿ, ಕಲಾವಿದೆ ಮತ್ತು ಅವರ ತಾಯಿ, ಎಂದು ಶುರುಮಾಡಿದ. ರೇಷ್ಮೆ ಕುರ್ತಾಗಳು, ಸುಗಂಧಗಳು, ಎತ್ತಿಹಿಡಿದ ಫೋನುಗಳು ಸುತ್ತಲೂ ಒಂದು ವೃತ್ತವಾದವು. ಧಾರಿಣಿಗೆ ಅವಮಾನದಿಂದ ಕಿವಿ ಸುಟ್ಟವು. ಅವಳು ಎದ್ದು ಅಜ್ಜಿಯ ಕಣ್ಣು, ಮೂಗು, ಬಾಯಿಯ ಮೇಲೆ ತನ್ನ ಶಾಲು ಹೊದಿಸಿದಳು, ಗದ್ದವಷ್ಟೇ ಕೈಗೆ ಸಿಗುವ ಹಾಗೆ ಬಿಟ್ಟಳು, ಅದರ ಸುತ್ತ ಇಬ್ಬರೂ ಬಗ್ಗಿ ಕೂತರು. ಈಗ ನಿಂತವರಿಗೆ ಎರಡು ಬೆನ್ನು ಮಾತ್ರ ಕಾಣುತ್ತಿತ್ತು. ಜನರ ನಡುವೆ ದಾರಿ ಮಾಡಿಕೊಂಡು ಅನಾಹಿತ್ ಬಂದಳು. ಕೈಯಲ್ಲಿ ಭಾಷಣದ ಹಾಳೆ. ನೋಡಿದವಳೇ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಬೇಡ, ನಿಲ್ಲಿಸು, ಇವಳನ್ನು ಎರಡನೆಯ ಸಲ ಇಲ್ಲದಂತೆ ಮಾಡುತ್ತಿದ್ದೀಯ ಎಂದಳು. ಅವಳ ಕಣ್ಣು ತುಂಬಿದ್ದವು. ಧಾರಿಣಿಗೂ ಅಳು ಬಂತು.

'ನೀನು ಹೇಳಿದ್ದು ಸುಳ್ಳಲ್ಲ,' ಎಂದಳು ಇಂಗ್ಲಿಷಿನಲ್ಲಿ. 'ಆದರೆ ಇದು ಅವಳ ಮುಖ. ಅವಳನ್ನು ನಾನು ಕೇಳಲಿಲ್ಲ.'

ಅನಾಹಿತ್ ಅಮ್ಮನ ಕಡೆ ನೋಡಿದಳು. ಅಮ್ಮ ಅವಳನ್ನು ಗಮನಿಸಲೇ ಇಲ್ಲ. ಅನಾಹಿತ್ ಹಾಳೆ ಮಡಚಿಕೊಂಡು ಎದ್ದು ಗೋಡೆಗೆ ಒರಗಿದಳು.

ಗಂಟುಗಳು ಸುಲಭಕ್ಕೆ ಬರಲಿಲ್ಲ, ಎಷ್ಟು ಬಿಗಿಯಾಗಿ ಹಾಕಿದ್ದಳು! ಒಂದೊಂದು ಬಂದಾಗಲೂ ಅದರ ಜಾಗದಲ್ಲಿ ಸೂಜಿಯ ತೂತು ಉಳಿಯಿತು. ಬೂದು ಬಟ್ಟೆಯ ಮೇಲೆ ಮತ್ತೆ ಅದೇ ಸಾಲು, ಅದೇ ಕವಲು, ಬಣ್ಣವಿಲ್ಲದೆ. ಧಾರಿಣಿ ಹೆಬ್ಬೆರಳಿನಿಂದ ತಿಕ್ಕಿದಳು, ಹೋಗಲಿಲ್ಲ.

'ಅಮ್ಮಾ, ಗುರುತು ಹೋಗ್ತಿಲ್ಲ.'

'ಹತ್ತಿ ಸೀರೆ ಕಣೇ. ಎರಡು ಸಲ ನೀರಿಗೆ ಹಾಕಿದರೆ ಎಳೆ ಕೂಡಿಕೊಳ್ಳುತ್ತೆ. ಚರ್ಮ ಅಲ್ವಲ್ಲ.'

ಹಿಂದೆ ಯಾರೋ ಮೆಲ್ಲಗೆ ಚಪ್ಪಾಳೆ ಶುರುಮಾಡಿದರು. ಇನ್ನೊಬ್ಬರು ಸೇರಿಕೊಂಡರು, ಆಮೇಲೆ ಎಲ್ಲರೂ. ಇಕ್ಕಟ್ಟಿನ ಕೋಣೆಯಲ್ಲಿ ಅದು ದೊಡ್ಡದಾಗಿ ಕೇಳಿಸಿತು. ಗೋಡೆಯ ಹತ್ತಿರ ಅನಾಹಿತ್ ಒಬ್ಬಳೇ ಕೈ ಕಟ್ಟಿಕೊಂಡು ನಿಂತಿದ್ದಳು.

ಅಮ್ಮ ತಲೆಯೆತ್ತದೆ ಕೇಳಿದಳು. 'ಯಾಕೇ ಚಪ್ಪಾಳೆ ತಟ್ತಾರೆ?'

'ಅವರಿಗೆ ಗೊತ್ತಿಲ್ಲಮ್ಮ.'

'ಗೊತ್ತಾಗೋದು ಬೇಡ ಬಿಡು. ಈ ತುಟಿಯ ಕೆಳಗಿಂದು ನನ್ನ ಕಣ್ಣಿಗೆ ಕಾಣ್ತಿಲ್ಲ, ನೀನು ತೆಗಿ. ನಿಧಾನ, ಅವಳಿಗೆ ತಾಗಬಾರದು.'

ಧಾರಿಣಿ ಇನ್ನಷ್ಟು ಬಗ್ಗಿ, ಉಸಿರು ಹಿಡಿದು, ಆ ಗಂಟಿನ ಕೆಳಗೆ ಕತ್ತರಿಯ ತುದಿ ತೂರಿಸಿದಳು.